ದಿಗಂತ ಓರೆ ಎಂಬ ದೂರು

ಮನೆಯಿಂದ,
ಒಂಬತ್ತನೆಯ ತಾರೀಕು, ಗುರುವಾರ ಸಂಜೆ

ನನ್ನ ದೂರಿನ ದೊರೆಗೆ, ನಿಮ್ಮವಳ ಪ್ರೀತಿಯ ನಮಸ್ಕಾರ.

ಹೇಗಿದ್ದೀರಿ? ಪ್ರತಿ ಕಾಗದದಲ್ಲೂ ಈ ಮಾತು ಬರೆದು, ಉತ್ತರಕ್ಕೆ ಕಾಯದೆ ಮುಂದಿನ ಸುದ್ದಿಗೆ ಹೋಗುವುದು ನನ್ನ ರೂಢಿ. ನೀವೂ ಅಷ್ಟೇ, 'ನಾನು ಕ್ಷೇಮ' ಎಂದು ಎರಡು ಪದ ಗೀಚಿ ಅಲ್ಲಿನ ಮೋಡಗಳ ವರ್ಣನೆಗೆ ಇಳಿದುಬಿಡುತ್ತೀರಿ. ಈ ಸಲ ಹಾಗಲ್ಲ, ನಿಜವಾಗಿ ಕೇಳುತ್ತಿದ್ದೇನೆ. ತಲೆ ಸುತ್ತುತ್ತದೆಯೇ? ಹಾಸಿಗೆಯಿಂದ ತಟ್ಟನೆ ಎದ್ದರೆ ನೆಲ ಒಂದು ಕಡೆಗೆ ಜಾರಿದ ಹಾಗಾಗುತ್ತದೆಯೇ? ಇಲ್ಲಿದ್ದಾಗ ಕಿವಿಯಲ್ಲಿ ಗುಂಯ್ ಅನ್ನುತ್ತದೆ ಎಂದು ಒಂದೆರಡು ಸಲ ಹೇಳಿದ್ದಿರಿ. ನಾನು ಏನಾಯಿತು ಎಂದು ಹತ್ತಿರ ಬಂದರೆ, 'ಬೆಳಿಗ್ಗೆ ನೀನು ಆಡಿದ ಮಾತೇ ಇರ್ಬೇಕು, ಇನ್ನೂ ಒಳಗೆ ಸುತ್ತಾಡ್ತಿದೆ' ಎಂದು ನಗಿಸಿ ಕಳಿಸಿದಿರಿ. ಆ ಗುಂಯ್ ಇನ್ನೂ ಇದೆಯೇ? ಯಾಕೆ ಕೇಳುತ್ತಿದ್ದೇನೆಂದರೆ, ನಿಮ್ಮ ಹಳೆಯ ದೂರು, ಸಿಮ್ಯುಲೇಟರಿನ ದಿಗಂತ ಓರೆಯಾಗಿದೆ ಎಂಬ ದೂರು, ನನ್ನ ನಿದ್ದೆ ಕೆಡಿಸಿದೆ. ಈ ಕಾಗದವನ್ನು ಕೊನೆಯವರೆಗೆ ಓದಿ. ಅರ್ಧಕ್ಕೆ ಮಡಿಸಿ ಜೇಬಿಗೆ ಹಾಕಿಕೊಂಡು ವಿಮಾನ ಹತ್ತಬೇಡಿ.

ಮನೆಯ ಸುದ್ದಿ ಮೊದಲು ಹೇಳಿಬಿಡುತ್ತೇನೆ. ಅತ್ತೆಯ ಮಂಡಿನೋವು ಇದ್ದಲ್ಲೇ ಇದೆ, ಬಾಯಿ ಮಾತ್ರ ಮೊದಲಿಗಿಂತ ಚುರುಕು. ನೀವು ಹೋದ ಮೇಲೆ ಈ ಮನೆಯಲ್ಲಿ ಏನೂ ಕೆಟ್ಟಿಲ್ಲ ಎಂದರೆ ನಂಬುತ್ತೀರಾ? ಅಡುಗೆಮನೆಯ ನಲ್ಲಿ ತೊಟ್ಟಿಕ್ಕುವುದಿಲ್ಲ, ಕಿಟಕಿಯ ಚಿಲಕ ಸರಿಯಾಗಿ ಕೂರುತ್ತದೆ, ಫ್ಯಾನು ಸದ್ದು ಮಾಡುವುದಿಲ್ಲ. ಅಥವಾ ಎಲ್ಲವೂ ಮೊದಲಿನ ಹಾಗೇ ಇರಬಹುದು. 'ಇಲ್ಲಿ ಬಾ, ಇದನ್ನ ಬರ್ಕೋ' ಎಂದು ಕೂಗುವವರು ಇಲ್ಲ, ಅಷ್ಟೇ. ಬಾಗಿಲ ಬಳಿ ನಿಮ್ಮ ಬೂಟು ಬಿಡುವ ಜಾಗ ಖಾಲಿ ಬಿದ್ದಿದೆ. ಅಲ್ಲಿ ನಿನ್ನ ಚಪ್ಪಲಿ ಬಿಡು ಎಂದು ಅತ್ತೆ ಹೇಳಿದರು, ನಾನು ಬಿಡುವುದಿಲ್ಲ. ನಿಮ್ಮನ್ನು ನೋಡಬೇಕು ಅನ್ನಿಸುತ್ತದೆ. ಇದನ್ನು ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ. ಬಸ್ಸಿಗೆ ಕಾಯುವಾಗ ಅನ್ನಿಸುತ್ತದೆ, ಒಗೆದ ಬಟ್ಟೆ ಮಡಿಸುವಾಗ ನಿಮ್ಮದೊಂದೂ ಅದರಲ್ಲಿಲ್ಲ ಎಂದು ಅನ್ನಿಸುತ್ತದೆ, ಅತ್ತೆ ನಿಮ್ಮ ಹಾಗೆ ಮೂಗು ಉಜ್ಜಿಕೊಂಡಾಗ ಅನ್ನಿಸುತ್ತದೆ. ನಿಮ್ಮನ್ನು ಒಯ್ದು ಕೂಡಿಸಿದ ಆ ಮೂಲೆಗೆ ಫೋನಿಲ್ಲ, ವಾರಕ್ಕೊಂದು ಸಾಮಾನಿನ ವಿಮಾನ. ಅದರಲ್ಲಿ ಆಲೂಗಡ್ಡೆ ಮೂಟೆಗಳ ಸಂದಿಯಲ್ಲಿ ನನ್ನ ಕಾಗದ ಬರಬೇಕು. ಆ ಆಲೂಗಡ್ಡೆಯ ಅದೃಷ್ಟ ನನಗಿಲ್ಲವಲ್ಲ ಎಂದುಕೊಳ್ಳುತ್ತೇನೆ.

ಮೊನ್ನೆ ಅತ್ತೆ, ಇಷ್ಟು ವರ್ಷವಾದ ಮೇಲೆ, ನಾನು ಆಫೀಸಿನಲ್ಲಿ ಮಾಡುವ ಕೆಲಸವೇನು ಎಂದು ಕೇಳಿದರು. ಕೂತು ವಿವರಿಸಿದೆ. ಯುದ್ಧವಿಮಾನದ ಮೂತಿಯ ಭಾಗ ಮಾತ್ರ ಇದೆ, ಅದನ್ನು ನೆಲಕ್ಕೆ ಬಿಗಿದಿದ್ದಾರೆ, ಸುತ್ತ ಕತ್ತಲೆಯ ಗುಮ್ಮಟ, ಅದರ ಒಳಮೈ ಮೇಲೆ ಪ್ರೊಜೆಕ್ಟರುಗಳು ಆಕಾಶ, ಭೂಮಿ, ಮೋಡ ಎಲ್ಲ ಮೂಡಿಸುತ್ತವೆ. ಪೈಲಟುಗಳು ಒಳಗೆ ಕೂತು ಹಾರಿದ ಹಾಗೇ ಅಭ್ಯಾಸ ಮಾಡುತ್ತಾರೆ, ಇಳಿದು ಬಂದು ಏನು ಸರಿಯಿರಲಿಲ್ಲ ಎಂದು ಹೇಳುತ್ತಾರೆ, ನಾನು ಬರೆದುಕೊಂಡು ಅದಕ್ಕೊಂದು ನಂಬರು ಕೊಟ್ಟು ಚೀಟಿ ಕಟ್ಟುತ್ತೇನೆ ಎಂದೆ. ಕೆಂಪು ಚೀಟಿ ಎಂದರೆ ಮುಟ್ಟಬೇಡಿ, ಹಳದಿ ಎಂದರೆ ಕಣ್ಣಿಟ್ಟಿರಿ. ಆಮೇಲೆ ದೋಷ ಎಲ್ಲಿದೆ ಎಂದು ಹುಡುಕುವುದು. ಒಂದು ಭಾಗ ತೆಗೆದು ಬೇರೆ ಹಾಕು, ನೋಡು. ಇನ್ನೊಂದು ತೆಗೆ, ನೋಡು. ದೋಷ ಯಾವುದರ ಬೆನ್ನು ಹಿಡಿದು ಹೋಗುತ್ತದೋ ಅದೇ ಅದರ ಮನೆ. ಅತ್ತೆ ಎಲ್ಲ ಕೇಳಿ, 'ಹಾಗಾದ್ರೆ ನಿಂದು ಹಾರದೇ ಇರೋ ವಿಮಾನಕ್ಕೆ ಜ್ವರ ನೋಡೋ ಕೆಲಸ' ಎಂದರು. ನಮ್ಮ ತಾತನಿಗೆ ಹೇಳಿದೆ, ಅವರು ಒಂದು ದಿನವೆಲ್ಲ ಅದನ್ನೇ ಹೇಳಿಕೊಂಡು ನಕ್ಕರು. ಎದುರಿಗೆ ಸರ್, ಬೆನ್ನ ಹಿಂದೆ ತಾತ, ಅದೇ ನಮ್ಮ ಹಿರಿಯ ಇಂಜಿನಿಯರು, ನಿಮ್ಮನ್ನು ದಿನಾ ಕೇಳುತ್ತಾರೆ.

ಅತ್ತೆಗೆ ಒಂದು ಹೇಳಲಿಲ್ಲ. ಅವರ ಮಗ ನನಗೆ ಸಿಕ್ಕಿದ್ದೇ ಒಂದು ದೂರಿನಿಂದ. ಬೆಲ್ಟಿನ ಕೊಂಡಿ ಸಿಕ್ಕಿಹಾಕಿಕೊಳ್ಳುತ್ತದೆ ಎಂದು ಬರೆಸಿ, 'ಬರೆದಿದ್ದನ್ನ ಒಂದ್ಸಲ ಓದಿ ಹೇಳಿ' ಎಂದು ಮೇಜಿಗೆ ಕೈಯೂರಿ ನಿಂತಿರಿ. ಓದಿದೆ. ಮಾರನೆಯ ದಿನ ಸೀಟು ಕಿರುಗುಟ್ಟುತ್ತದೆ ಎಂದಿರಿ, ಕಿರುಗುಟ್ಟಲಿಲ್ಲ. ಮತ್ತೊಂದು ದಿನ ದೀಪವೊಂದು ಮಿಟುಕುತ್ತದೆ ಎಂದಿರಿ, ಮಿಟುಕಲಿಲ್ಲ. ಆ ವರ್ಷ ನೀವು ಬರೆಸಿದ ದೂರುಗಳ ಮುಂದೆ ನಾನು 'ದೋಷ ಕಂಡುಬರಲಿಲ್ಲ' ಎಂದು ಬರೆದೂ ಬರೆದೂ ಸಾಕಾಗಿ, ಕೊನೆಗೆ ತಾತನೇ, 'ಅಮ್ಮಾ, ದೋಷ ಮಿಷಿನ್ನಿನಲ್ಲಿಲ್ಲ, ಈ ಹುಡುಗನ ಮನೆಯವರನ್ನ ಬರೋಕೆ ಹೇಳು' ಎಂದರು. ನಿಮಗೆ ದೂರಿನ ದೊರೆ ಎಂಬ ಹೆಸರು ಬಿದ್ದದ್ದು ಆಗ. ನೀವು ನನ್ನನ್ನು ದೋಷದ ಗುಮಾಸ್ತೆ ಎಂದು ಕರೆದು ಸೇಡು ತೀರಿಸಿಕೊಂಡಿರಿ.

ಹಾಗಾಗಿ, ಹೋದ ವರ್ಷ ನೀವು ಗುಮ್ಮಟದಿಂದ ಇಳಿದು ಬಂದು, 'ದಿಗಂತದ ಬಲಗಡೆ ಎದ್ದಿದೆ, ಸ್ವಲ್ಪ ಇಳಿಸಿ' ಎಂದಾಗ ನಾನು ಪೆನ್ನು ತೆಗೆಯುವ ಮೊದಲೇ ನಕ್ಕುಬಿಟ್ಟೆ. ಮದುವೆಯಾಗಿ ಇಷ್ಟು ಕಾಲವಾದರೂ ಹೆಂಡತಿಯ ಮೇಜಿನ ಹತ್ತಿರ ಬರಲು ಇವರಿಗೊಂದು ನೆಪ ಬೇಕು ಎಂದುಕೊಂಡೆ, ಒಳಗೊಳಗೇ ಹಿಗ್ಗಿದೆ ಕೂಡ. ತಾತ ರಸಮಟ್ಟ ಇಟ್ಟು ನೋಡಿದರು, ಗೆರೆ ನೇರವಾಗಿತ್ತು. ನೀವು ಬಿಡಲಿಲ್ಲ. ನಿಮ್ಮ ಮಾತಿಗೆ ಬೆಲೆ ಕೊಟ್ಟು ಕೂದಲೆಳೆಯಷ್ಟು ತಿರುಗಿಸಿದರು, ನಿಮಗೆ ಸಮಾಧಾನವಾಯಿತು. ಮಧ್ಯಾಹ್ನ ನಿಮ್ಮ ತಂಡದ ಆ ಮೀಸೆಯವರು ಹಾರಿ ಇಳಿದು ಬಂದು, ಬಲಗಡೆ ಜಗ್ಗಿದೆ, ಯಾರು ಮುಟ್ಟಿದ್ದು ಎಂದು ಗದರಿದರು. ಬೆಳಿಗ್ಗೆ ನಿಮಗಾಗಿ ಇಳಿಸುವುದು, ಮಧ್ಯಾಹ್ನ ಅವರಿಗಾಗಿ ಏರಿಸುವುದು. 'ಇದೇನು ವಿಮಾನವೋ ಉಯ್ಯಾಲೆಯೋ' ಎಂದು ತಾತ ತಲೆ ಚಚ್ಚಿಕೊಂಡರು. ಪ್ರೊಜೆಕ್ಟರು ಬದಲಿಸಿದೆವು, ಲೆನ್ಸು, ಕೇಬಲ್ಲು, ಕೊನೆಗೆ ಚಿತ್ರ ಮೂಡಿಸುವ ಕಂಪ್ಯೂಟರನ್ನೇ ಬದಲಿಸಿದೆವು. ನೀವು ಮಾತ್ರ ಮೋಡದ ಮೇಲೆ ಹೋದಾಗೆಲ್ಲ ಬಲಗಡೆ ಎದ್ದಿದೆ ಎನ್ನುತ್ತಲೇ ಇದ್ದಿರಿ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಎಂದು ಮೀಸೆಯವರು ಕ್ಯಾಂಟೀನಿನಲ್ಲಿ ಎಲ್ಲರೆದುರು ಅಂದಾಗ ನಿಮ್ಮ ಮುಖ ಸಪ್ಪಗಾಯಿತು. ಅವರಿಗೂ ಗೊತ್ತಿತ್ತು, ಆ ಗಾದೆ ನಿಮಗೆ ಹೊಂದುವುದಿಲ್ಲ ಎಂದು. ನಿಮ್ಮಷ್ಟು ಚೆನ್ನಾಗಿ ಕುಣಿಯುವವರು ಆ ತಂಡದಲ್ಲೇ ಇರಲಿಲ್ಲ. ನಾನು ಹಳದಿ ಚೀಟಿ ಕಟ್ಟಿ, 'ಕಣ್ಣಿಟ್ಟಿರಿ' ಎಂದು ಬರೆದೆ.

ನೀವು ಹೋದಿರಿ, ದೂರು ನಿಂತಿತು. ಇಷ್ಟು ಕಾಲ ಮತ್ತೆ ಕಾಣದಿದ್ದರೆ ದೂರು ಮುಚ್ಚಬೇಕು ಎಂಬುದು ನಮ್ಮಲ್ಲಿ ನಿಯಮ. 'ದೋಷ ಕಂಡುಬರಲಿಲ್ಲ' ಎಂದು ಬರೆದು ಸಹಿ ಹಾಕಿ ಚೀಟಿ ಬಿಚ್ಚಿದರೆ ಮುಗಿಯಿತು. ತಾತ ಎರಡು ಸಲ ಜ್ಞಾಪಿಸಿದರು. ಆಗಲಿ ಸರ್, ನಾಳೆ ಸರ್ ಎನ್ನುತ್ತಾ ಬಂದೆ. ನಿಜ ಹೇಳುತ್ತೇನೆ, ಕೈ ಬರಲಿಲ್ಲ. ನೀವು ಬಾಯಲ್ಲಿ ಹೇಳಿ ನಾನು ಕೈಯಲ್ಲಿ ಬರೆದ ಕೊನೆಯ ದೂರು ಅದು. ಅದೂ ಮುಚ್ಚಿಬಿಟ್ಟರೆ ಆ ಕಟ್ಟಡದಲ್ಲಿ ನಿಮ್ಮದು ಅಂತ ಏನು ಉಳಿಯುತ್ತದೆ? ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಹೋಗಿ ದೀಪ ಹಾಕುವಾಗ ಆ ಹಳದಿ ಚೀಟಿ ನೋಡಿಕೊಳ್ಳುತ್ತಿದ್ದೆ. ಅಷ್ಟರಿಂದ ಅವತ್ತಿನ ದಿನ ನಡೆಯುತ್ತಿತ್ತು.

ಮನೆಯಲ್ಲೂ ಅಂಥದೇ ಒಂದಿದೆ, ಮೆಟ್ಟಿಲ ಪಕ್ಕದ ಗೋಡೆ. ಹೋದ ವರ್ಷ ನೀವು ಅಲ್ಲಿ ಹಾಕಿದ ಮೂರು ಚೌಕಟ್ಟುಗಳು: ನಿಮ್ಮ ತಂಡದ ಫೋಟೋ, ಅತ್ತೆ ದಾರದಲ್ಲಿ ಹೆಣೆದ ಬಾತುಕೋಳಿ, ಹೊರಡುವ ಹಿಂದಿನ ದಿನ ಹಾಕಿದ ನಮ್ಮಿಬ್ಬರ ಕಡಲಿನ ಫೋಟೋ. ಮೂರೂ ಬಲಗಡೆ ಜಗ್ಗಿವೆ. ಮೇಲೆ ಹತ್ತುವಾಗ ನಾನು ನೇರ ಮಾಡುವುದು, ಕೆಳಗಿಳಿಯುವಾಗ ನೀವು ಮತ್ತೆ ವಾಲಿಸುವುದು, 'ಕಣ್ಣೇ ನನಗೆ ರಸಮಟ್ಟ' ಎಂದು ಹೆಮ್ಮೆ ಪಡುವುದು. ನಮ್ಮ ಜಗಳಗಳಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಅದು. ನೀವು ಹೋದ ಮೇಲೆ ನಾನು ನೇರ ಮಾಡುವುದನ್ನು ಬಿಟ್ಟೆ, ಯಾಕೆಂದರೆ ಮತ್ತೆ ವಾಲಿಸಲು ಯಾರೂ ಇಲ್ಲ. ಭಾನುವಾರ ಅತ್ತೆ ಧೂಳು ಒರೆಸುತ್ತಾ ಬಂದವರು ಕಡಲಿನ ಫೋಟೋ ಸರಿಮಾಡಲು ಕೈ ಹಾಕಿದರು. 'ಅದನ್ನ ಮುಟ್ಬೇಡಿ ಅತ್ತೆ, ಅವರು ಹಾಕಿದ ಹಾಗೇ ಇರ್ಲಿ' ಎಂದು ಸ್ವಲ್ಪ ಜೋರಾಗಿಯೇ ಅಂದೆ. ಅವರು ಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡು ನನ್ನನ್ನು ನೋಡಿದರು. 'ನನ್ನ ಮಗ ಸೊಟ್ಟ ಹಾಕೋನಲ್ಲ ಕಣೆ. ಸ್ಕೂಲಲ್ಲಿ ಸ್ಕೇಲಿಲ್ಲದೆ ಗೆರೆ ಎಳೀತಿದ್ದ. ನೋಡು, ಅವರಪ್ಪನ ಫೋಟೋ, ನಿಮ್ಮ ಮದುವೇದು, ಈ ಮನೆಗೆ ಬಂದಾಗ ಇವನೇ ಹಾಕಿದ್ದು, ಒಂದು ಕೂದಲೆಳೆ ಆಚೀಚೆ ಇಲ್ಲ. ಈ ಮೂರೇ ಯಾಕೋ ಹೀಗೆ. ಹೊರಡೋ ಗಡಿಬಿಡೀಲಿ ಹಾಕಿರ್ಬೇಕು.'

ಗಡಿಬಿಡಿಯಲ್ಲಿ ಹಾಕಿದರೆ ಒಂದು ಎಡಕ್ಕೆ ವಾಲಬೇಕು, ಒಂದು ಬಲಕ್ಕೆ. ಮೂರೂ ಒಂದೇ ಕಡೆ ಯಾಕೆ ವಾಲುತ್ತವೆ? ನಾನು ನೇರ ಮಾಡಿದಾಗೆಲ್ಲ ನೀವು ಮತ್ತೆ ಅದೇ ಕಡೆಗೇ ಯಾಕೆ ವಾಲಿಸುತ್ತಿದ್ದಿರಿ? ಮೆಟ್ಟಿಲ ಮೇಲೆ ಕೂತುಬಿಟ್ಟೆ. ಪ್ರೊಜೆಕ್ಟರು ಬದಲಿಸಿದ್ದೆವು, ಕೇಬಲ್ಲು ಬದಲಿಸಿದ್ದೆವು, ನಿಮ್ಮನ್ನು ಮಾತ್ರ ಬದಲಿಸಿ ನೋಡಿರಲಿಲ್ಲ. ನೀವು ಹೊರಟಾಗ ದೋಷವೂ ನಿಮ್ಮ ಬೆನ್ನು ಹಿಡಿದು ಹೊರಟಿತ್ತು. ಅದನ್ನು ನಾನು ವಿರಹ ಎಂದು ತಿಳಿದು ದಿನಾ ನೋಡಿಕೊಂಡು ಕೂತಿದ್ದೆ.

ಸೋಮವಾರ ಆಫೀಸಿನಲ್ಲಿ ನಿಮ್ಮ ಹಳೆಯ ಹಾರಾಟಗಳನ್ನು ತೆಗೆದು ನೋಡಿದೆ. ಗುಮ್ಮಟದಲ್ಲಿ ಕೈ ಕಾಲು ಅಲುಗಿದ್ದೆಲ್ಲ ಕಂಪ್ಯೂಟರಿನಲ್ಲಿ ಉಳಿಯುತ್ತದೆಯಲ್ಲ. ಮೋಡದ ಬಯಲಿನ ಮೇಲೆ, ನಿಮ್ಮ ಕಣ್ಣು ಹೊರಗಿರುವಾಗ, ಎಡ ರೆಕ್ಕೆ ಸ್ವಲ್ಪ ತಗ್ಗಿ ಅಲ್ಲೇ ನಿಲ್ಲುತ್ತದೆ. ಒಳಗಿನ ಮಾಪಕ ನೋಡಿದ ಕೂಡಲೇ ಸರಿಮಾಡುತ್ತೀರಿ, ಮತ್ತೆ ಹೊರಗೆ ನೋಡಿದರೆ ಮತ್ತೆ ತಗ್ಗುತ್ತದೆ. ತಿಂಗಳು ತಿಂಗಳಿಗೆ ಹೆಚ್ಚಿದೆ. ನನ್ನ ಕಣ್ಣನ್ನು ನಾನೇ ನಂಬಲಿಲ್ಲ. ನೀವು ಮನೆಗೆ ಬರಲಿ ಎಂದು ಹಗಲೂ ಇರುಳೂ ಹಂಬಲಿಸುವವಳಿಗೆ, ನಿಮ್ಮನ್ನು ಮನೆಗೆ ಕಳಿಸುವಂಥ ದೋಷ ಕಾಣದೆ ಇನ್ನೇನು ಕಂಡೀತು? ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬುದು ತಾತ ಯಾವಾಗಲೂ ಹೇಳುವ ಮಾತು. ಅದಕ್ಕೆ ಎಲ್ಲ ಪೈಲಟುಗಳ ಹಾರಾಟಗಳನ್ನೂ ಕಲಸಿ, ಹೆಸರು ಮುಚ್ಚಿ, ತಾತನ ಮುಂದಿಟ್ಟು, ಇದರಲ್ಲಿ ಬೇರೆ ಥರ ಇರುವುದನ್ನು ಎತ್ತಿಡಿ ಸರ್ ಎಂದೆ. ಅವರು ಕನ್ನಡಕ ಹಾಕಿಕೊಂಡು ಒಂದೊಂದೇ ಎತ್ತಿಟ್ಟರು. ಎತ್ತಿಟ್ಟದ್ದೆಲ್ಲ ನಿಮ್ಮವು. ನಿಮ್ಮದಲ್ಲದ್ದು ಅದರಲ್ಲಿ ಒಂದೂ ಇರಲಿಲ್ಲ.

ಆವತ್ತಿನಿಂದ ಬಾಯಲ್ಲಿ ಬಿಸಿ ತುಪ್ಪ ಇಟ್ಟುಕೊಂಡ ಹಾಗಾಗಿದೆ. ನಿಮಗೆ ಹಾರಾಟ ಎಂದರೆ ಏನು ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಊಟಕ್ಕೆ, ನಿದ್ದೆಗೆ ಮಾತ್ರ ಕೆಳಗಿಳಿಯುವ ಮನುಷ್ಯ ನೀವು. ಕಿವಿಯದೋ ಕಣ್ಣಿನದೋ, ಯಾವುದೋ ಸಣ್ಣ ನರದ್ದೋ ಇದ್ದೀತು, ಔಷಧಿಯಿಂದ ಹೋಗುವಂಥದ್ದೇ ಇದ್ದೀತು. ಇಲ್ಲದೆಯೂ ಇದ್ದೀತು. ವೈದ್ಯರು 'ಇನ್ನು ಸಾಕು' ಎಂದುಬಿಟ್ಟರೆ ನಿಮ್ಮ ಮುಖವನ್ನು ನಾನು ಹೇಗೆ ನೋಡಲಿ? ಆದರೆ ಹೋದ ಕಾಗದದಲ್ಲಿ ನೀವೇ ಬರೆದಿದ್ದೀರಿ, ಈ ಶನಿವಾರದಿಂದ ಮೋಡದೊಳಗೆ ಜೋಡಿ ಹಾರಾಟ, ಪಕ್ಕದವನ ರೆಕ್ಕೆ ಕೈಚಾಚಿದರೆ ಸಿಗುವಷ್ಟು ಹತ್ತಿರ ಎಂದು. ಆ ಸಾಲನ್ನು ಖುಷಿಯಿಂದ ಬರೆದಿದ್ದೀರಿ, ಅಕ್ಷರಗಳೇ ದುಂಡಗಾಗಿವೆ. ಪಕ್ಕದವನಿಗೂ ಎಲ್ಲೋ ಒಂದು ಮನೆ ಇದೆ, ಅಲ್ಲಿಯೂ ಬಾಗಿಲ ಬಳಿ ಬೂಟಿನ ಜಾಗ ಖಾಲಿ ಇಟ್ಟುಕೊಂಡವಳು ಇರಬಹುದು. ನಿಮ್ಮ ಕಾಲಿಗೆ ಬೀಳುತ್ತೇನೆ, ನೀವಾಗಿಯೇ ಅಲ್ಲಿನ ವೈದ್ಯರ ಹತ್ತಿರ ಹೋಗಿ. ಗೋಡೆಯ ಮೇಲೆ ಒಂದು ಗೆರೆ ನೇರವಾಗಿ ಎಳೆಯುತ್ತೇನೆ, ನೋಡಿ ಎಂದು ಹೇಳಿ. ನಾನು ಹೇಳಿದೆ ಎನ್ನಬೇಡಿ, ನಿಮಗೇ ಅನುಮಾನ ಬಂತು ಎನ್ನಿ. ಹಾಗಾದರೆ ಯಾರಿಗೂ ಯಾರ ಮೇಲೂ ಬೇಸರವಿರುವುದಿಲ್ಲ.

ಅತ್ತೆ ತಮ್ಮ ಆಶೀರ್ವಾದ ಬರೆಯಲು ಹೇಳಿದ್ದಾರೆ. ಹೊತ್ತಿಗೆ ಸರಿಯಾಗಿ ಉಣ್ಣಬೇಕಂತೆ, ಒದ್ದೆ ಬನಿಯನ್ನು ಮೈಮೇಲೇ ಒಣಗಿಸಿಕೊಳ್ಳಬಾರದಂತೆ. ಫೋಟೋ ವಿಷಯ ಅವರಿಗೆ ಹೇಳಿಲ್ಲ. ತಾತನೂ ಮೀಸೆಯವರೂ ಕೇಳಿದ್ದಾರೆ. ನನ್ನ ಪ್ರೀತಿಯನ್ನು ಈ ಕಾಗದದಲ್ಲಿ ಎಷ್ಟು ಹಿಡಿಯುತ್ತದೋ ಅಷ್ಟು ಮಡಿಸಿಟ್ಟಿದ್ದೇನೆ, ಉಳಿದದ್ದು ಇಲ್ಲೇ ಇದೆ.

ಎಂದೆಂದಿಗೂ ನಿಮ್ಮ,
ದೋಷದ ಗುಮಾಸ್ತೆ

ತಾ. ಕ.: ಶುಕ್ರವಾರ ಬೆಳಿಗ್ಗೆ, ಆಫೀಸಿನಿಂದ, ಅವಸರದಲ್ಲಿ. ವಿಮಾನ ಮಧ್ಯಾಹ್ನ ಹೊರಡುತ್ತದೆ, ಟಪಾಲಿನವನು ಬಾಗಿಲಲ್ಲೇ ನಿಂತಿದ್ದಾನೆ. ಮೇಲೆ ನಿನ್ನೆ ಬರೆದದ್ದನ್ನು ಬೆಳಿಗ್ಗೆ ಎದ್ದ ಕೂಡಲೇ ಓದಿ ನೋಡಿದೆ. ಅದು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಿದೆ. ಈ ಕಾಗದ ನಿಮ್ಮ ಕೈ ಸೇರುವ ಹೊತ್ತಿಗೆ ಶನಿವಾರ ಬಂದಿರುತ್ತದೆ, ನೀವು ಓದಿ, ಇನ್ನೊಂದು ವಾರ ನೋಡೋಣ ಎನ್ನುತ್ತೀರಿ. ದೋಷ ಇರುವ ಭಾಗವನ್ನೇ ಕರೆದು 'ನೀನು ಸರಿಯಿದ್ದೀಯಾ' ಎಂದು ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಕಂಡವರೇ ಬರೆಯಬೇಕು ಎಂಬುದು ನಮ್ಮ ನಿಯಮ. ಮೊದಲ ದಿನ ಮೇಜಿಗೆ ಕೈಯೂರಿ ನಿಂತು, 'ಬರೀರಿ, ಕಂಡಿದ್ದನ್ನ ಬರೀದೆ ಬಿಟ್ರೆ ಮೇಲೆ ಹೋದೋನು ಕೆಳಗೆ ಬರಲ್ಲ' ಎಂದವರೂ ನೀವೇ. 'ನಿನಗಾಗ್ದಿದ್ರೆ ನಾನು ಬರೀತೀನಮ್ಮ' ಎಂದು ತಾತ ಅಂದರು. ಬೇಡ ಸರ್ ಎಂದೆ. ಬರೆದೆ. ನನ್ನ ಕೈಯಿಂದ, ನಿಮ್ಮ ಹೆಸರು ಹಾಕಿ, ಕೆಳಗೆ ನನ್ನ ಸಹಿ ಹಾಕಿ. ತಾತ ಕೂಡಲೇ ಆ ದೂರನ್ನು ವೈರ್‌ಲೆಸ್ಸಿನಲ್ಲಿ ನಿಮ್ಮ ಮೇಲಿನವರಿಗೆ ಕಳಿಸಿದರು, ತಲುಪಿತು ಎಂದು ಉತ್ತರವೂ ಬಂದಿದೆ.

ಈಗ ಅಲ್ಲಿ ನಿಮ್ಮನ್ನು ವಿಮಾನ ಹತ್ತಗೊಡದೆ ಕೂಡಿಸಿರುತ್ತಾರೆ. ಯಾವ ಪಾಪಿ ಮಾಡಿಸಿದ ಕೆಲಸ ಇದು ಎಂದು ನೀವು ಕೂಗಾಡುತ್ತಿರುತ್ತೀರಿ. ನಾನು. ಬೇರೆ ಯಾರನ್ನೂ ಬಯ್ಯಬೇಡಿ. ಇದೇ ವಿಮಾನ ವಾಪಸು ಬರುವಾಗ ನಿಮ್ಮನ್ನು ಕರೆತರುತ್ತದೆಯಂತೆ, ಇಲ್ಲಿನ ಆಸ್ಪತ್ರೆಗೆ. ನೀವು ಬರಲಿ ಎಂದು ದಿನಾ ಬೇಡಿಕೊಂಡೆ, ಹೀಗೆ ಬರಲಿ ಎಂದು ಒಂದು ದಿನವೂ ಬೇಡಿಕೊಳ್ಳಲಿಲ್ಲ. ಬಂದ ಮೇಲೆ ನನ್ನ ಜೊತೆ ಮಾತು ಬಿಟ್ಟರೂ ಸರಿ, ಬೂಟು ಮಾತ್ರ ಅದರ ಜಾಗದಲ್ಲೇ ಬಿಡಿ. ಇವತ್ತು ಬೆಳಿಗ್ಗೆ ಅತ್ತೆಗೆ ಎಲ್ಲ ಹೇಳಿದೆ. ಅವರು ಮೆಟ್ಟಿಲ ಹತ್ತಿರ ಹೋಗಿ ಆ ಮೂರು ಚೌಕಟ್ಟುಗಳನ್ನು ನೇರ ಮಾಡಲು ಕೈಯೆತ್ತಿದರು, ನಾನು ಮತ್ತೆ ಬಿಡಲಿಲ್ಲ. ನೀವು ಹಾಕಿದ ಹಾಗೇ ಇರುತ್ತವೆ. ಅವು ನಿಮಗೆ ಸೊಟ್ಟ ಕಂಡ ದಿನ ನೀವೇ ಸರಿಮಾಡಿ. ದೂರನ್ನು ಆವತ್ತು ಮುಚ್ಚುತ್ತೇನೆ.